ಅರಿಶಿನಕ್ಕೆ ತಾಂಬೂಲ

ನಮ್ಮ ಮನೆಯ ತಿಂಗಳ ಸಾಮಾನಿನ ಪಟ್ಟಿಯಲ್ಲಿ ಮೊದಲ ಸಾಲು ಯಾವತ್ತೂ ಅರಿಶಿನದ್ದೇ. ಡಬ್ಬಿಯಲ್ಲಿ ವರ್ಷಕ್ಕಾಗುವಷ್ಟು ಇದ್ದರೂ ಸರಿ, ಶುಭಕ್ಕೆಂದು ಅದನ್ನು ಬರೆದ ಮೇಲೇ ತೊಗರಿಬೇಳೆಗೆ ಇಳಿಯಬೇಕು. ಮದುಮಗಳ ಕೆನ್ನೆಗೆ ಅರಿಶಿನ, ಹೊಸ್ತಿಲಿಗೆ ಅರಿಶಿನ, ಹೊಸ ಬಟ್ಟೆಯ ಮೂಲೆಗೆ ಅರಿಶಿನ, ಈಳಿಗೆಮಣೆಗೆ ಸಿಕ್ಕ ಬೆರಳಿಗೂ ಅರಿಶಿನ. ಆದರೆ ಈ ಮರ್ಯಾದೆಯ ಸುದ್ದಿ ನಮ್ಮ ಕರುಳಿಗೆ ಇನ್ನೂ ಮುಟ್ಟಿದಂತಿಲ್ಲ.

ಅರಿಶಿನಕ್ಕೆ ಹಳದಿ ಕೊಡುವುದು ಕರ್ಕ್ಯುಮಿನ್. ಪುಡಿಯಲ್ಲಿ ಅದು ನೂರಕ್ಕೆ ಮೂರು ಪಾಲಿನ ಆಸುಪಾಸು. ಅದಕ್ಕೂ ನೀರಿಗೂ ಆಗಿಬರುವುದಿಲ್ಲ. ಬಿಸಿ ತುಪ್ಪಕ್ಕೆ ಚಿಟಿಕೆ ಉದುರಿಸಿ, ಕಣ್ಣೆದುರೇ ಬಣ್ಣ ಬಿಟ್ಟು ಹರಡುತ್ತದೆ. ತಣ್ಣೀರಿನ ಲೋಟಕ್ಕೆ ಹಾಕಿದರೆ ಒಂದಿಷ್ಟು ಮುನಿಸಿಕೊಂಡು ಮೇಲೆ ತೇಲುತ್ತದೆ, ಉಳಿದದ್ದು ತಳ ಹಿಡಿದು ಕೂರುತ್ತದೆ. ಹೊಟ್ಟೆಯೊಳಗೂ ಇದೇ ಹಟ. 1978ರಲ್ಲಿ ಸ್ವೀಡನ್ನಿನವರು ಇಲಿಗಳಿಗೆ ಕರ್ಕ್ಯುಮಿನ್ ತಿನ್ನಿಸಿ ನೋಡಿದಾಗ ಸುಮಾರು ಮುಕ್ಕಾಲು ಪಾಲು ಹಿಕ್ಕೆಯಲ್ಲೇ ಹೊರಬಿತ್ತು.

ಒಳಗೆ ನುಸುಳಿದ್ದಕ್ಕಾದರೂ ಸುಖವಿದೆಯೇ? ನಮ್ಮಲ್ಲಿ ಮನೆಗೆ ಬಂದವರನ್ನು ‘ಇನ್ನು ಹೊರಡಿ’ ಎನ್ನುವಂತಿಲ್ಲ. ತಾಂಬೂಲದ ತಟ್ಟೆ ಹೊರಬಂದರೆ ಅವರೇ ಚಪ್ಪಲಿ ಹುಡುಕುತ್ತಾರೆ. ಕರುಳಿನ ಗೋಡೆ ಮತ್ತು ಯಕೃತ್ತಿನ ಉಪಚಾರವೂ ಇದೇ ಮಾದರಿಯದು. ಕರ್ಕ್ಯುಮಿನ್ ಬಂತೆಂದರೆ ಅದರ ಕೈಗೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಇಟ್ಟುಬಿಡುತ್ತವೆ. ಅದನ್ನು ಹಿಡಿದದ್ದೇ ತಡ, ನೀರೆಂದರೆ ಆಗದಿದ್ದ ಜೀವ ನೀರಲ್ಲಿ ಕರಗತೊಡಗಿ, ಪಿತ್ತರಸದ ಜೊತೆ ಮತ್ತೆ ಕರುಳಿಗಿಳಿದು ಬಂದ ದಾರಿ ಹಿಡಿಯುತ್ತದೆ. ಕಣ್ತಪ್ಪಿಸಿ ರಕ್ತ ಸೇರಿದ ಅಷ್ಟಿಷ್ಟು, ಆಲ್ಬುಮಿನ್ ಎಂಬ ಪ್ರೋಟೀನಿನ ಹೆಗಲೇರಿ ಊರು ಸುತ್ತುತ್ತದೆ.

ಈ ತಟ್ಟೆಯನ್ನು ಬಚ್ಚಿಡುವ ತುಂಟ ನಮ್ಮ ಕಾಳುಮೆಣಸಿನಲ್ಲಿದ್ದಾನೆ. ಹೆಸರು ಪೈಪರಿನ್. 1819ರಲ್ಲಿ ಅವನನ್ನು ಮೆಣಸಿನಿಂದ ಬೇರ್ಪಡಿಸಿದ್ದು ಡೆನ್ಮಾರ್ಕಿನ ಎರ್ಸ್ಟೆಡ್. ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನೆಂಟಸ್ತನ ಪತ್ತೆಹಚ್ಚಿದ ಅದೇ ಪುಣ್ಯಾತ್ಮ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದರ ಸುಳಿವೇ ಸಿಗದಷ್ಟು ಕಡಿಮೆ. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ದಕ್ಕುವ ಪ್ರಮಾಣ ಶೇಕಡಾ 2000ದಷ್ಟು ಏರಿತು.

ನಮ್ಮ ಚಿಕ್ಕಪ್ಪನಿಗೆ ವಾಟ್ಸಾಪಿನಲ್ಲಿ ಈ 2000 ಸಿಕ್ಕಿದ್ದೇ ಸಿಕ್ಕಿದ್ದು. “ಸಾರಿಗೆ ಅರಿಶಿನ, ಮೇಲೆ ಮೆಣಸು, ತುಪ್ಪದ ಒಗ್ಗರಣೆ! ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು ಕಣೋ” ಎಂದು ಮೀಸೆ ತಿರುವಿದರು. ಹಿರಿಯರ ಮೇಲೆ ನನಗೂ ಗೌರವವೇ. ಆದರೆ 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ಅರವತ್ತು ಗ್ರಾಂಗೂ ಮೀರಿ ಅರಿಶಿನ ಸುರಿಯಬೇಕು. ಆ ಸಾರನ್ನು ಒಂದು ಸಲ ಬಡಿಸಿದರೆ ಹಿರಿಯರ ಬಗ್ಗೆ ಚಿಕ್ಕಪ್ಪನ ಅಭಿಪ್ರಾಯ ಏನಾದೀತೋ! ಮೇಲಾಗಿ, ಇಲ್ಲವೆಂಬಷ್ಟು ಕಡಿಮೆ ಇದ್ದದ್ದು ಇಪ್ಪತ್ತು ಪಟ್ಟಾದರೂ ಗುಡ್ಡವಾಗುವುದಿಲ್ಲ.

ಬೀಳ್ಕೊಡುಗೆಯನ್ನು ಅವಮಾನವೆಂದೂ ಎಣಿಸಬೇಕಿಲ್ಲ. ಯಕೃತ್ತು ಎಷ್ಟೋ ಔಷಧಿಗಳನ್ನೂ ಹೀಗೆಯೇ ಸಾಗಹಾಕುತ್ತದೆ. ತಟ್ಟೆ ಬಚ್ಚಿಟ್ಟರೆ ಅವೂ ಹಜಾರದಲ್ಲೇ ಠಿಕಾಣಿ ಹೂಡುತ್ತವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಟ್ಟ ಪೈಪರಿನ್‌ನಿಂದ ರಕ್ತದಲ್ಲಿ ಏರುವುದನ್ನು ಕಂಡಿದ್ದಾರೆ. ಅರಿಶಿನದ ಮಾತ್ರೆ ನುಂಗಿ ಯಕೃತ್ತಿಗೇ ಪೆಟ್ಟು ಮಾಡಿಕೊಂಡವರ ವರದಿಗಳೂ ಇವೆ. ಮೆಣಸಿನ ಸತ್ವ ಸೇರಿಸಿದ ಮಾತ್ರೆ ತಿನ್ನುವ ಮುಂಚೆ ವೈದ್ಯರನ್ನು ಒಂದು ಮಾತು ಕೇಳುವುದು ಲೇಸು.

ಸಾರಿಗೆ ಯಾರ ಅಪ್ಪಣೆಯೂ ಬೇಡ. ಅದರಲ್ಲಿನ ಚಿಟಿಕೆ ಅರಿಶಿನ ರಕ್ತ ಸೇರಲೆಂದು ಯಾವ ಅಜ್ಜಿಯೂ ಹರಕೆ ಹೊತ್ತಿರಲಿಲ್ಲ. ಅರಿಶಿನ ಹಾಕದ ಸಾರನ್ನೇ ಬಡಿಸಿ ನೋಡಿ. ಚಿಕ್ಕಪ್ಪ ಬಾಯಿಗಿಡುವ ಮೊದಲೇ ಕೇಳುತ್ತಾರೆ: “ಯಾಕೆ, ಮನೇಲಿ ಯಾರಿಗೆ ಹುಷಾರಿಲ್ಲ?”