ಮೂರು ತಾಲ್ಲೂಕಿನ ಕಣ್ಣು, ಒಂದು ತಟ್ಟೆ

ಹರಪನಹಳ್ಳಿ ತಾಲ್ಲೂಕಿನವರಾದ ನಮಗೆ ಬದಲಾವಣೆ ಹೊಸದೇನಲ್ಲ. ಕುಳಿತ ಕಟ್ಟೆ ಬಿಟ್ಟೇಳದೆ 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋದೆವು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದೆವು, 2021ರಲ್ಲಿ ವಿಜಯನಗರ ಜಿಲ್ಲೆಯವರಾದೆವು. ನಮ್ಮ ನೀಲಗುಂದದ ಭೀಮೇಶ್ವರ ಚಾಲುಕ್ಯರ ಕಾಲದಿಂದ ಇಂಥವನ್ನೆಲ್ಲ ನೋಡುತ್ತ ಒಂದು ಮಾತೂ ಆಡದೆ ಕುಳಿತಿದ್ದಾನೆ. ಅಂಥ ಊರಿನ ಕುಡಿ, ಡಲ್ಲಾಸ್‌ನಲ್ಲಿರುವ ನನ್ನ ಮೊಮ್ಮಗ, ಮೊಸರಿನ ಡಬ್ಬಿಯ ಮುಚ್ಚಳದ ಬಣ್ಣ ಬದಲಾಯಿತೆಂದು ಮೊಸರನ್ನೇ ಬಿಟ್ಟುಬಿಟ್ಟ.

ಮೂರೂವರೆ ವರ್ಷದ ಈ ಆಸಾಮಿಯ ಪಕ್ಷ ಬಿಳಿಯ ಪಕ್ಷ. ಬಿಳಿ ಅನ್ನ, ಬಿಳಿ ಬ್ರೆಡ್ಡು, ಏನೂ ಹಚ್ಚದ ಬಿಳಿ ಪಾಸ್ತಾ. ಒಗ್ಗರಣೆಯ ಸಾಸಿವೆ ಕಂಡರೆ ಇರುವೆ ಎನ್ನುತ್ತಾನೆ. ಕೊತ್ತಂಬರಿ ಎಲೆ ಅವನ ಲೆಕ್ಕದಲ್ಲಿ ಕಸ. ಬಾಳೆಹಣ್ಣು ಮುರಿದರೆ ಮುಗಿಯಿತು, ಅದನ್ನು ಮತ್ತೆ ಅಂಟಿಸಿ ಕೊಡಬೇಕು.

ಆದರೆ ಈ ಬರಹ ಅವನ ಬಗ್ಗೆ ಅಲ್ಲ, ಅವನು ಆರಾಮಾಗಿದ್ದಾನೆ. ಆರಾಮಿಲ್ಲದವರು ಅವನ ಅಪ್ಪ ಅಮ್ಮ.

ಡಲ್ಲಾಸ್‌ನಲ್ಲಿ ಸಂಜೆ ಆರೂವರೆಗೆ ಅವನ ಊಟ. ಬೇಸಿಗೆಯಲ್ಲಿ ಅದು ಊರಿನ ಬೆಳಗಿನ ಐದು ಗಂಟೆ. ಕೊಟ್ಟೂರಿನ ನಮ್ಮ ಬೀಗತಿ ಅಂಗಳಕ್ಕೆ ನೀರು ಹಾಕುವ ಮೊದಲೇ ವಿಡಿಯೊ ಕಾಲ್ ಹಚ್ಚುತ್ತಾರೆ. ‘ಕೂಸು ಉಂಡಿತೇನವ್ವಾ?’ ಕೂಡ್ಲಿಗಿಯಿಂದ ನನ್ನ ತಂಗಿ ಅದೇ ಕರೆಗೆ ಸೇರಿಕೊಳ್ಳುತ್ತಾಳೆ. ‘ರಾಗಿ ಗಂಜಿ ಕುಡಿಸಿದ್ರೇನು?’ ಇವರಿಬ್ಬರು ಪರದೆಯ ಮೇಲಾದರೆ, ನನ್ನ ಜೊತೆ ಡಲ್ಲಾಸ್‌ಗೆ ಬಂದಿರುವ ಹೆಂಡತಿ ಖುದ್ದು ಹಾಜರಿ. ಆಕೆ ನೀಲಗುಂದದಿಂದ ತಂದ ಸೂಟ್‌ಕೇಸಿನಲ್ಲಿ ಕಟಕು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ತುಂಬಿ, ನನ್ನ ಬನಿಯನ್ನುಗಳು ಉಳಿದ ಸಂದಿಯಲ್ಲಿ ಪ್ರಯಾಣ ಮಾಡಿದ್ದವು. ಹೀಗೆ ಮೂರು ತಾಲ್ಲೂಕು ಕೂಡಿ ಒಂದು ಸಣ್ಣ ತಟ್ಟೆಯನ್ನು ಕಾಯುತ್ತವೆ. ನಡುವೆ ಚಮಚ ಹಿಡಿದ ಸೊಸೆ.

ಮಕ್ಕಳ ಡಾಕ್ಟರು ಒಮ್ಮೆ ತಪಾಸಣೆ ಮಾಡಿ, ‘ತೂಕ 15ನೇ ಪರ್ಸೆಂಟೈಲ್, ಚೆನ್ನಾಗಿದ್ದಾನೆ’ ಎಂದರು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿ ನುಡಿಯುವ ಒಂದೇ ಸಾಲಿನ ಭವಿಷ್ಯವಾಣಿಗೆ, ಅಂದರೆ ಕಾರಣಿಕಕ್ಕೆ, ಹಡಗಲಿಯವರು ಒಂದು ಅರ್ಥ, ಹರಪನಹಳ್ಳಿಯವರು ಒಂದು ಅರ್ಥ ಹಚ್ಚುವ ಹಾಗೆ ಡಾಕ್ಟರ ಈ ಕಾರಣಿಕಕ್ಕೂ ಅರ್ಥಗಳು ಹುಟ್ಟಿದವು. ‘ನೂರಕ್ಕ ಹದಿನೈದಾ? ಪಾಸಾಗಾಕ ಮೂವತ್ತೈದು ಬೇಕಲ್ಲ!’ ಎಂದರು ಬೀಗತಿ. ಅದು ಅಂಕವಲ್ಲ, ಅದೇ ವಯಸ್ಸಿನ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಇವನ ಹಿಂದೆ ಹದಿನೈದು ಜನ ಇದ್ದಾರೆಂದು ಅರ್ಥ, ವರ್ಷದಿಂದ ವರ್ಷಕ್ಕೆ ತನ್ನ ಗೆರೆ ಹಿಡಿದು ಬೆಳೆದರೆ ಸಾಕು ಎಂದು ಮಗ ಬಿಡಿಸಿ ಹೇಳಿದ. ಎರಡು ತುಂಬುವವರೆಗೂ ಇವನು ಇದೇ ಗೆರೆಯಲ್ಲಿದ್ದ, ಆಗ ಅಳೆದದ್ದು ವಿಶ್ವ ಆರೋಗ್ಯ ಸಂಸ್ಥೆಯ 2006ರ ನಕ್ಷೆಯಲ್ಲಿ, ಅದನ್ನು ಮಾಡಲು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆ ನಮ್ಮ ದಿಲ್ಲಿಯ ಮಕ್ಕಳನ್ನೂ ಅಳೆದಿದ್ದಾರೆ ಎಂದೂ ಸೇರಿಸಿದ. ಅಲ್ಲಿ ಎಡವಿದ. ‘ದಿಲ್ಲಿತನಕ ಬಂದವರು ಕೊಟ್ಟೂರಿಗೆ ಯಾಕ ಬರಲಿಲ್ಲ?’

ನಾನು ನಿವೃತ್ತ ಮೇಷ್ಟ್ರು. ಬೇರೆಯವರ ಮನೆಯಲ್ಲಿ ಕೈಗೆ ಕೆಲಸವಿಲ್ಲದ ಮೇಷ್ಟ್ರು ಓದಲು ಕೂರುತ್ತಾನೆ. ಓದಿದ್ದರಲ್ಲಿ ಮೊದಲು ತಿಳಿದದ್ದು, ಹುಟ್ಟಿದ ವರ್ಷದೊಳಗೆ ಕೂಸಿನ ತೂಕ ಮೂರು ಪಟ್ಟಾಗುತ್ತದೆ, ಮುಂದಿನ ಇಡೀ ವರ್ಷಕ್ಕೆ ಏರುವುದು ಎರಡು-ಎರಡೂವರೆ ಕಿಲೊ. ಬೆಳೆಯುವ ಓಟ ನಿಧಾನವಾದಾಗ ಹಸಿವೂ ನಿಧಾನವಾಗುತ್ತದೆ. ಅಜ್ಜಿಯರು ಮಾತ್ರ ಮೊದಲ ವರ್ಷದ ಲೆಕ್ಕದಲ್ಲೇ ಬಡಿಸುತ್ತಾರೆ. ಎರಡನೆಯದು, ಎರಡರಿಂದ ಆರು ವರ್ಷದೊಳಗೆ ಹೊಸ ತಿನಿಸಿಗೆ ಅಂಜುವುದು ಮಕ್ಕಳ ಸಹಜ ಗುಣ. ಕಾಲು ಬಂದ ಕೂಸು ತಾಯಿಯ ಕಣ್ಣು ತಪ್ಪಿಸಿ ಬೇಲಿಯ ಉಮ್ಮತ್ತಿ ಕಾಯಿಗೆ ಬಾಯಿ ಹಾಕದಿರಲೆಂದು ಪ್ರಕೃತಿ ಇಟ್ಟ ಅಂಜಿಕೆ ಇದು ಎಂಬ ವಾದವಿದೆ. ಡಲ್ಲಾಸ್‌ನ ಈ ಮನೆಯಲ್ಲಿ ಬೇಲಿಯೂ ಇಲ್ಲ, ಉಮ್ಮತ್ತಿಯೂ ಇಲ್ಲ. ಕಾಯುವ ಅಂಜಿಕೆಗೆ ಕೆಲಸವಿಲ್ಲದೆ ಬೀನ್ಸ್ ಪಲ್ಯದ ಮೇಲೆ ಬಿದ್ದಿದೆ.

‘ನಮ್ಮ ಕಾಲದಾಗ ಇಂಥ ಹುಡುಗರೇ ಇರಲಿಲ್ಲ’ ಎಂದಳು ಹೆಂಡತಿ. ಇದ್ದರು. ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಎಂಟು ಜನ ಸಾಲಾಗಿ ಕೂತು ಉಣ್ಣುವ ಮನೆಯಲ್ಲಿ ಯಾರು ಸಾರು ಮುಟ್ಟಲಿಲ್ಲ, ಯಾರು ಮುದ್ದೆ ಅರ್ಧಕ್ಕೆ ಬಿಟ್ಟರು ಎಂದು ಲೆಕ್ಕ ಇಟ್ಟವರಾರು? ಬಿಟ್ಟದ್ದನ್ನು ಅಣ್ಣ ತಿಂದ, ಅಣ್ಣ ಬಿಟ್ಟದ್ದನ್ನು ಎಮ್ಮೆ ತಿಂದಿತು. ಇಲ್ಲಿ ಒಂದು ಕೂಸಿಗೆ ಎರಡು ಸಂಬಳ, ಮೂರು ಫೋನು, ಆರು ಕಣ್ಣು. ಅಷ್ಟು ಜನ ಬಾಯನ್ನೇ ನೋಡುತ್ತ ಕೂತರೆ ನನಗೂ ತುತ್ತು ಇಳಿಯುವುದಿಲ್ಲ.

ಶಾಲೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ನಮ್ಮ ಶಾಲೆಗೂ ಬಂದಾಗ, ‘ನಮ್ಮ ಹುಡುಗ ತೊಗರಿಬೇಳೆ ಮುಟ್ಟಲ್ಲ ಸಾರ್’ ಎಂದು ಬಂದು ಹೇಳಿದ ತಾಯಂದಿರಿದ್ದರು. ಅದೇ ಹುಡುಗ ಸಾಲಿನಲ್ಲಿ ಕೂತು, ಪಕ್ಕದವನು ಎರಡನೇ ಸಲ ಸಾಂಬಾರು ಹಾಕಿಸಿಕೊಂಡನೆಂದು ತಾನೂ ಹಾಕಿಸಿಕೊಳ್ಳುತ್ತಿದ್ದ. ನಾನಾಗಲಿ ಅಡುಗೆಯ ಅಕ್ಕನಾಗಲಿ ಉಪದೇಶ ಮಾಡಿದವರಲ್ಲ. ಲಿಯಾನ್ ಬರ್ಚ್ ಎಂಬ ಅಮೆರಿಕದ ಸಂಶೋಧಕಿ 1980ರಲ್ಲೇ ಪ್ರಕಟಿಸಿದ್ದೂ ಇದನ್ನೇ: ಒಂದು ತರಕಾರಿ ಬೇಡವೆನ್ನುವ ಮಗುವನ್ನು ಅದನ್ನೇ ಇಷ್ಟಪಡುವ ಮಕ್ಕಳ ಮಧ್ಯೆ ಕೂರಿಸಿದರೆ ಅದರ ಆಯ್ಕೆ ಕ್ರಮೇಣ ಬದಲಾಗುತ್ತದೆ.

ಕೊನೆಗೆ ಮನೆಯಲ್ಲಿ ಪಂಚಾಯ್ತಿ ಸೇರಿಸಿದೆ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಹಾಕಿಕೊಟ್ಟ ಗಡಿಯನ್ನು ಓದಿದೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಅಧಿಕಾರ. ಉಣ್ಣಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನ ಅಧಿಕಾರ. ಒಬ್ಬರ ಹೊಲಕ್ಕೆ ಇನ್ನೊಬ್ಬರು ನುಗ್ಗಬಾರದು. ತಟ್ಟೆಯಲ್ಲಿ ಅವನ ಬಿಳಿ ಪಕ್ಷದ ಒಂದು ಪದಾರ್ಥ ಇರಲಿ, ಜೊತೆಗೆ ನಮ್ಮ ಪುಂಡಿಪಲ್ಯ ಉಗುರಿನಷ್ಟು. ತಿನ್ನು ಎನ್ನಬಾರದು, ತಿಂದರೆ ಚಪ್ಪಾಳೆ ಬೇಡ, ತಿನ್ನದಿದ್ದರೆ ಗುಮ್ಮನೂ ಬೇಡ, ಐಸ್‌ಕ್ರೀಮ್ ಲಂಚವೂ ಬೇಡ. ಒಂದು ಹೊಸ ರುಚಿ ಒಪ್ಪಿಗೆಯಾಗಲು ಎಂಟು-ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲವೂ ಎದುರಿಗೆ ಬರಬೇಕಂತೆ. ನಾವೋ ಎರಡನೇ ಸಲಕ್ಕೇ ‘ಇವನಿಗೆ ಸೇರಲ್ಲ’ ಎಂದು ಷರಾ ಬರೆದು ಕಡತ ಮುಚ್ಚುತ್ತೇವೆ.

ತೂಕ ಇಳಿದರೆ, ನುಂಗುವಾಗ ಓಕರಿಸಿದರೆ, ತಿನ್ನುತ್ತಿದ್ದ ಪದಾರ್ಥಗಳೂ ಒಂದೊಂದಾಗಿ ಬಿಟ್ಟುಹೋದರೆ ಮಾತ್ರ ಈ ಪಂಚಾಯ್ತಿ ಬರ್ಖಾಸ್ತು, ನೇರ ಡಾಕ್ಟರ ಹತ್ತಿರ. ಅಂಥದ್ದಕ್ಕೆ 2013ರಿಂದ ಎಆರ್‌ಎಫ್‌ಐಡಿ ಎಂಬ ಹೆಸರೇ ಇದೆ. ಅದು ಹಟವಲ್ಲ, ಚಿಕಿತ್ಸೆ ಬೇಕಾದ ತೊಂದರೆ. ಅದಕ್ಕೆ ಅಜ್ಜಿ ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಸುಟ್ಟರೆ ಬರುವುದು ಗುಣವಲ್ಲ, ಅಗ್ನಿಶಾಮಕ ದಳ.

ಪಂಚಾಯ್ತಿ ಮುಗಿದ ಮೇಲೆ ಸೊಸೆಯನ್ನು ಕೇಳಿದೆ, ‘ನೀನು ಏನು ಉಂಡೆ?’ ಆಕೆ ಯೋಚಿಸಿ ಪಟ್ಟಿ ಕೊಟ್ಟಳು: ಅವನು ಬಿಟ್ಟ ಬ್ರೆಡ್ಡಿನ ಅಂಚು, ತಣ್ಣಗಾದ ಪಾಸ್ತಾ, ಮುರಿದ ಬಾಳೆಹಣ್ಣಿನ ಎರಡೂ ತುಂಡು. ಮೂರು ತಾಲ್ಲೂಕಿನಲ್ಲಿ ಒಬ್ಬರೂ ಆಕೆಗೆ ಈ ಪ್ರಶ್ನೆ ಹಾಕಿರಲಿಲ್ಲ. ಅಂದಿನಿಂದ ಹೊಸ ಕಾನೂನು ಬಂತು. ಸಂಜೆಯ ಊಟಕ್ಕೆ ಫೋನು ಬಂದ್. ಹೆಂಡತಿ ರೊಟ್ಟಿ ಬಡಿದು ಮೊದಲು ಸೊಸೆಗೆ ಬಿಸಿಬಿಸಿ ಬಡಿಸುತ್ತಾಳೆ. ಮೊಮ್ಮಗನ ಪಕ್ಕ ನಾನು ಕೂತು ನನ್ನ ಪಾಡಿಗೆ ಉಣ್ಣುತ್ತೇನೆ, ಅವನ ಕಡೆ ನೋಡುವುದಿಲ್ಲ. ಹೀಗಿರುವಾಗ ಒಂದು ದಿನ ಅವನು ನನ್ನ ರೊಟ್ಟಿಯ ಕಟಕು ಅಂಚು ಮುರಿದು ಬಾಯಿಗಿಟ್ಟ, ಉಗುಳಿದ, ಮತ್ತೆ ಇಟ್ಟ. ನಾವೆಲ್ಲ ಗೋಡೆ ನೋಡುತ್ತ ಕೂತೆವು.

ಇಷ್ಟರಲ್ಲಿ ಮಗ ಇನ್ನೊಂದು ಓದಿ ತಂದ. ಬ್ರಿಟನ್ನಿನ ಅವಳಿ ಮಕ್ಕಳನ್ನು ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ತಿನಿಸಿಗೆ ಅಂಜುವುದರಲ್ಲಿ ಮಗುವಿನಿಂದ ಮಗುವಿಗೆ ಇರುವ ವ್ಯತ್ಯಾಸಕ್ಕೆ ಶೇ. 78ರಷ್ಟು ಕಾರಣ ವಂಶವಾಹಿ. ಬೆಳಗಿನ ಊಟದ ಹೊತ್ತಿನ ಕರೆಯಲ್ಲಿ ಬೀಗತಿ ಇದನ್ನೂ ಅಂಕಪಟ್ಟಿಯಂತೆಯೇ ಓದಿದರು. ‘ಎಪ್ಪತ್ತೆಂಟು! ಡಿಸ್ಟಿಂಕ್ಷನ್ನು! ಇದು ಕೊಟ್ಟೂರಿನ ರಕ್ತ ಅಲ್ಲ ಬಿಡ್ರಿ. ಬೀಗರು ಪುಂಡಿಪಲ್ಯ ಉಂತಾರೇನು?’

ಹೆಂಡತಿ ಒಂದು ಮಾತೂ ಆಡದೆ ಫೋನಿನ ಕ್ಯಾಮೆರಾವನ್ನು ನನ್ನ ತಟ್ಟೆಯ ಕಡೆ ತಿರುಗಿಸಿದಳು. ಅಂಚಿನಲ್ಲಿ ಪುಂಡಿಪಲ್ಯ, ಬಡಿಸಿದ್ದು ಬಡಿಸಿದ ಹಾಗೇ ಇತ್ತು. ದೊಡ್ಡವರು ಬಿಟ್ಟರೆ ಅದಕ್ಕೆ ಅಭಿರುಚಿ ಎನ್ನುತ್ತಾರೆ, ಹಟ ಎನ್ನುವುದಿಲ್ಲ. ಆದರೂ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಮೂರೂ ಒಟ್ಟಿಗೆ ನನ್ನ ಬಾಯಿಯನ್ನೇ ನೋಡುತ್ತಿದ್ದವು. ನಾನು ಗಂಟಲು ಸರಿಪಡಿಸಿಕೊಂಡು ಪಂಚಾಯ್ತಿಯ ಠರಾವು ಓದಿದೆ: ‘ಏನು, ಯಾವಾಗ, ಎಲ್ಲಿ ಎಂಬುದು ನಿಮ್ಮದು. ಉಣ್ಣಬೇಕೋ ಬೇಡವೋ ಎಂಬುದು ನನ್ನದು.’