ಷರಾ: ಜಾಗ ಸಾಲದು

ಬಿಸಿಲೆಯಲ್ಲಿ ಜುಲೈ ತಿಂಗಳು ಬಿಸಿಲು ಹುಡುಕಿದರೆ ಊರಿನ ಹೆಸರಲ್ಲಿ ಮಾತ್ರ ಸಿಗುತ್ತದೆ. ಇಲ್ಲಿನ ಕಾಫಿ ತೋಟದವರು ಬೆಳಿಗ್ಗೆ ಎದ್ದವರೇ ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ‘ಎರಡು ಇಂಚು ನಲವತ್ತು ಸೆಂಟ್ಸ್’ ಎಂದು ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆಯೇ ಕಾಫಿ ಕುಡಿಯುವವರು. ನಾನು ಉಳಿದಿದ್ದ ಮನೆಯ ಮಳೆ ಪುಸ್ತಕವನ್ನು ಬೆಂಗಳೂರಿನ ಹುಡುಗನೊಬ್ಬ ವೆಬ್ ಪುಟಕ್ಕೆ ಏರಿಸಿದ್ದಾನೆ. ದಿನಾಂಕ, ಊರು, ಇಂಚು, ಸೆಂಟ್ಸ್, ಷರಾ ಎಂದು ಐದು ಕಾಲಂ. ಕೊನೆಯವರು ಮಾತಿಗೆ ಸಿಕ್ಕರು.

ನಮಸ್ಕಾರ. ತಾವು ಕಾಣುತ್ತಲೇ ಇಲ್ಲವಲ್ಲ?

ಬಲಕ್ಕೆ ಸರಿಸಿ. ಇನ್ನೂ ಸ್ವಲ್ಪ. ಹಾಂ, ಈಗ ನನ್ನ ‘ಷ’ ಕಂಡಿತು. ‘ರಾ’ ಇನ್ನೂ ಮೊಬೈಲಿನ ಆಚೆ ಇದೆ. ಪರವಾಗಿಲ್ಲ, ಅಷ್ಟರಲ್ಲೇ ಮಾತಾಡೋಣ.

ತಮ್ಮ ಮನೆತನ?

ಸರ್ಕಾರಿ ಮನೆತನ. ಪಹಣಿಯಲ್ಲಿ ಸ್ವಾಧೀನದಾರರ ಹೆಸರು ಹೊತ್ತು ಮೆರೆಯುವ ಒಂಬತ್ತನೇ ಕಾಲಂ, ಸಾಲ ಹೊತ್ತು ಕುಗ್ಗಿರುವ ಹನ್ನೊಂದನೇ ಕಾಲಂ, ಎಲ್ಲರೂ ನೆಂಟರೇ. ಯಾವ ನಮೂನೆ ತೆಗೆದರೂ ಕೊನೆಯ ಮಣೆ ನನ್ನದು. ಕಾಗದದ ಕಾಲದಲ್ಲಿ ನಮ್ಮ ಅಗಲ ರೂಲುದೊಣ್ಣೆಯ ಕೈಯಲ್ಲಿತ್ತು. ಜಾಗ ಸಾಲದಿದ್ದರೆ ಶಾನುಭೋಗರು ಪುಸ್ತಕ ತಿರುಗಿಸಿ ಅಂಚಿನಲ್ಲಿ ಬರೆಯುತ್ತಿದ್ದರು. ಮಾತು ಮಾತ್ರ ಪೂರ್ತಿ ಇರುತ್ತಿತ್ತು.

ವೆಬ್ಬಿಗೆ ಬಂದ ಮೇಲೆ?

1996ರ ಮೇ ತಿಂಗಳಲ್ಲಿ ಡೇವ್ ರಾಗೆಟ್ ಎಂಬವರು ಎಚ್‌ಟಿಎಂಎಲ್ ಕೋಷ್ಟಕಗಳ ಬಗ್ಗೆ ಆರ್‌ಎಫ್‌ಸಿ 1942 ಎಂಬ ದಾಖಲೆ ಬರೆದರು. ಜಾಗ ಹಂಚುವ ಕೆಲಸ ಬ್ರೌಸರ್‌ನದು. ನೀವು ಏನೂ ಹೇಳದಿದ್ದರೆ ಅದು ‘ಆಟೋ’ ಕ್ರಮ ಹಿಡಿಯುತ್ತದೆ. ಪಂಕ್ತಿಯಲ್ಲಿ ಬಡಿಸುವವನ ಹಾಗೆ ಪ್ರತಿಯೊಬ್ಬರನ್ನೂ ಎರಡು ಪ್ರಶ್ನೆ ಕೇಳುತ್ತದೆ: ಕನಿಷ್ಠ ಎಷ್ಟು ಬೇಕು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದರೆ ಗರಿಷ್ಠ ಎಷ್ಟು ಬೇಕು? ಕನಿಷ್ಠ ಎಂದರೆ ಕಾಲಮಿನಲ್ಲಿರುವ ಅತಿ ಉದ್ದದ, ಮುರಿಯಲಾಗದ ಪದ.

ಅದರಲ್ಲೇನು ತೊಂದರೆ?

ನಮ್ಮ ಕಚೇರಿ ಕನ್ನಡ ಕೇಳಿಲ್ಲವೇ? ಇನ್ನೂರನೇ ಸಾಲಿನಲ್ಲಿ ಯಾರೋ ಪುಣ್ಯಾತ್ಮ ‘ಸ್ಥಗಿತಗೊಳಿಸಲಾಗಿರುವುದರಿಂದ’ ಎಂದು ಬರೆದ. ಒಂದೇ ಪದ! ಅದಕ್ಕಾಗಿ ಮೇಲಿನ ನೂರ ತೊಂಬತ್ತೊಂಬತ್ತು ಸಾಲೂ ಅಗಲವಾದವು. ನಾನು ಉಬ್ಬಿದೆ, ಊರು ಕಾಲಂ ಸೊರಗಿತು. ಬೈಗುಳ ತಿಂದವನು ನಾನು, ಪದ ಕಟ್ಟಿದವನಲ್ಲ.

ಹುಡುಗ ಅಗಲ ಗೊತ್ತುಮಾಡಿರಲಿಲ್ಲವೇ?

ಮಾಡಿದ್ದ. ನನಗೆ 80 ಪಿಕ್ಸೆಲ್ ಎಂದು ಬರೆದಿದ್ದ. ಆಟೋ ಕ್ರಮದಲ್ಲಿ ಅದು ಆದೇಶವಲ್ಲ, ಮನವಿ ಪತ್ರ. ಬ್ರೌಸರ್ ಓದಿತು, ಸಹಿ ಹಾಕಿತು, ಕಡತದಲ್ಲಿಟ್ಟಿತು.

ಆಗ ಜಾವಾಸ್ಕ್ರಿಪ್ಟಿನ ಮೊರೆ ಹೋದನೇ?

ಹೋದ. 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಅದರ ಮೊದಲ ರೂಪ ಕಟ್ಟಿದರಂತೆ. ಹತ್ತು ದಿನವೆಂದರೆ ಬಿಸಿಲೆಯಲ್ಲಿ ಒಂದು ಜೊತೆ ಬಟ್ಟೆ ಒಣಗುವಷ್ಟು ಹೊತ್ತು. ನಮ್ಮ ಹುಡುಗ ಅದರ ಕೈಯಲ್ಲಿ ಅಕ್ಷರ ಎಣಿಸಿ ಅಗಲ ಹಂಚಲು ಹೊರಟ. ‘ಸಕಲೇಶಪುರ’ ಎಷ್ಟು ಎಂದು ಕೇಳಿದ, ಎಂಟು ಎಂದಿತು. ‘ಹೆತ್ತೂರು’ ಎಷ್ಟು ಎಂದ, ಅದಕ್ಕೂ ಎಂಟು ಎಂದಿತು.

ಹೆತ್ತೂರು ಮೂರೇ ಅಕ್ಷರವಲ್ಲವೇ?

ನಿಮಗೆ, ನನಗೆ ಮೂರು. ಜಾವಾಸ್ಕ್ರಿಪ್ಟಿಗೆ ಕೊಂಬು, ಏತ್ವ, ಒತ್ತು ಮೂಡಿಸುವ ಹಲಂತ, ಎಲ್ಲಕ್ಕೂ ಬೇರೆ ಬೇರೆ ಟಿಕೆಟ್. ಸಕಲೇಶಪುರ ಆರು ಅಕ್ಷರ, ಎಂಟು ಟಿಕೆಟ್. ಹೆತ್ತೂರು ಮೂರು ಅಕ್ಷರ, ಎಂಟು ಟಿಕೆಟ್. ಇಬ್ಬರಿಗೂ ಸಮಾನ ಸೀಟು ಕೊಟ್ಟರೆ ಹೆತ್ತೂರು ಕಾಲು ಚಾಚಿ ಮಲಗುತ್ತದೆ, ಸಕಲೇಶಪುರ ಫುಟ್‌ಬೋರ್ಡಿನಲ್ಲಿ ನೇತಾಡುತ್ತದೆ. ಎಣಿಸಬಾರದು ಸ್ವಾಮಿ, ಅಳೆಯಬೇಕು. ಅದೂ ಕನ್ನಡ ಫಾಂಟ್ ಬಂದಿಳಿದ ಮೇಲೆ ಅಳೆಯಬೇಕು. ಫಾಂಟ್ ಬರುವ ಮುಂಚೆ ಅಳೆದದ್ದು ಪರರ ಅಂಗಿಯ ಅಳತೆ.

ಅಳೆದನೇ?

ಅಳೆದ. ಆದರೆ ನಾವು ಮುಚ್ಚಿದ ಟ್ಯಾಬಿನ ಒಳಗಿದ್ದೆವು. ತೆರೆಯ ಮೇಲೆ ಕಾಣದ ಕೋಷ್ಟಕದ ಅಗಲ ಸೊನ್ನೆ. ಮಳೆಮಾಪಕವನ್ನು ಅಟ್ಟದ ಮೇಲಿಟ್ಟು ‘ಈ ವರ್ಷ ಮಳೆಯೇ ಇಲ್ಲ’ ಎಂದ ಹಾಗಾಯಿತು. ಟ್ಯಾಬ್ ತೆರೆದರೆ ತಲೆಬರಹ ಒಂದು ಕಡೆ, ಅಂಕಿ ಇನ್ನೊಂದು ಕಡೆ. ಸೆಂಟ್ಸ್ ಕೆಳಗೆ ಊರಿನ ಹೆಸರು!

ಕೊನೆಗೆ?

ಸಿಟ್ಟು ಬಂದು ‘ಫಿಕ್ಸೆಡ್’ ಮಾಡಿದ. ಈ ಕ್ರಮದಲ್ಲಿ ಬ್ರೌಸರ್ ಎಲ್ಲ ಸಾಲನ್ನೂ ಓದುವ ಗೋಜಿಗೆ ಹೋಗುವುದಿಲ್ಲ. ಮೇಲೆ ಬರೆದಿಟ್ಟ ಅಗಲ ನೋಡುತ್ತದೆ, ಇಲ್ಲದಿದ್ದರೆ ಮೊದಲ ಸಾಲು ನೋಡುತ್ತದೆ. ಕೆಲಸ ಬೇಗ. 80 ಎಂದರೆ 80. ಜೊತೆಗೆ, ಹೆಚ್ಚಿನ ಮಾತು ಕತ್ತರಿಸಿ ಮೂರು ಚುಕ್ಕಿ ಇಡು ಎಂದೂ ಬರೆದ.

ಮೂರು ಚುಕ್ಕಿ ನೋಡಲು ಅಚ್ಚುಕಟ್ಟಲ್ಲವೇ?

ಮೊನ್ನೆ ಸುಬ್ರಹ್ಮಣ್ಯಕ್ಕೆ ಕಾರು ತೆಗೆದುಕೊಂಡು ಹೊರಟವರು ನೀವೇ ಅಲ್ಲವೇ? ನನ್ನಲ್ಲಿ ಏನೆಂದು ಓದಿದಿರಿ?

(ಗಂಟಲು ಸರಿಮಾಡಿಕೊಂಡು) ‘ಘಾಟಿ ರಸ್ತೆ ತೆರೆ…’ ಎಂದಿತ್ತು. ತೆರೆದಿದೆ ಎಂದುಕೊಂಡೆ. ಹೋದರೆ ಮರ ಅಡ್ಡ ಬಿದ್ದಿತ್ತು. ಕಾರು ತಿರುಗಿಸಲು ಜಾಗವಿಲ್ಲದೆ ಬಹಳ ದೂರ ಹಿಂದಕ್ಕೇ ಓಡಿಸಿದೆ.

ಪೂರ್ತಿ ಷರಾ ‘ಘಾಟಿ ರಸ್ತೆ ತೆರೆದಿಲ್ಲ’. ನಿಮ್ಮ ‘ಇಲ್ಲ’ 81ನೇ ಪಿಕ್ಸೆಲ್‌ನಲ್ಲಿ ಕೂತಿತ್ತು. ಇಂಗ್ಲಿಷಿನವರ ‘ಇಲ್ಲ’ ವಾಕ್ಯದ ಮಧ್ಯಕ್ಕೆ ಮುಂಚೆಯೇ ಬಂದುಬಿಡುತ್ತದೆ, ಬಾಲ ಕತ್ತರಿಸಿದರೂ ತಲೆ ಉಳಿಯುತ್ತದೆ. ನಮ್ಮದು ಹಾಗಲ್ಲ. ಕೊಡುತ್ತೇನೋ ಕೊಡುವುದಿಲ್ಲವೋ, ಬಂದಿದೆಯೋ ಬಂದಿಲ್ಲವೋ, ಎಲ್ಲ ಕಟ್ಟಕಡೆಯಲ್ಲಿ. ಕನ್ನಡದ ಬಾಲ ಕತ್ತರಿಸಿದರೆ ಹೋಗುವುದು ವಿವರವಲ್ಲ, ತೀರ್ಪು.

ಹಾಗಾದರೆ ಏನು ಮಾಡಬೇಕು?

ದಿನಾಂಕ, ಊರು, ಇಂಚು, ಸೆಂಟ್ಸ್ ಇವರಿಗೆಲ್ಲ ಅಗಲ ಗೊತ್ತುಮಾಡಿ, ಅವರ ಮಾತು ಅಳತೆಯದು. ನನಗೆ ಏನೂ ಬರೆಯಬೇಡಿ, ಉಳಿದ ಜಾಗ ನನಗಿರಲಿ. ಮಾತು ಉದ್ದವಾದರೆ ಸಾಲು ಮುರಿದು ಕೆಳಗಿಳಿಯಲಿ. ಮತ್ತೆ, ಗೆರೆಗಳಿಗೆ ಒಂದು ಹಿಡಿ ಇಡಿ. ಓದುವವರು ಬೆರಳಿಟ್ಟಾಗ ಆಗಿನ ಅಗಲ ನೆನಪಿಟ್ಟುಕೊಳ್ಳಿ, ಬೆರಳು ಎಷ್ಟು ಸರಿಯಿತೋ ಅಷ್ಟನ್ನು ಕೂಡಿಸಿ. ಸಾವಿರ ಕೋಣೆಗೂ ಹೋಗಿ ಹೇಳಬೇಕಿಲ್ಲ, ಕಾಲಮಿನ ಯಜಮಾನ ‘ಕೋಲ್’ ಎಂಬ ಒಬ್ಬನಿಗೆ ಹೇಳಿದರೆ ಸಾಕು. ಇಷ್ಟಕ್ಕಿಂತ ಸಣ್ಣದಾಗಬಾರದು ಎಂದು ಒಂದು ಮಿತಿ ಇರಲಿ. ಅವರು ಇಟ್ಟ ಅಗಲವನ್ನು ಬ್ರೌಸರ್‌ನಲ್ಲೇ ಉಳಿಸಿಡಿ, ನಾಳೆ ಮತ್ತೆ ಎಳೆಸಬೇಡಿ.

ಕಂಡವರೆಲ್ಲ ಗೆರೆ ಸರಿಸಿದರೆ ಶಿಸ್ತು ಕೆಡುವುದಿಲ್ಲವೇ?

ಮಂಕನಹಳ್ಳಿ ಹತ್ತಿರದ ರಿಡ್ಜ್ ನೋಡಿದ್ದೀರಾ? ಒಂದು ಮಗ್ಗುಲಿಗೆ ಬಿದ್ದ ಹನಿ ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆ, ನೇತ್ರಾವತಿ ಹಿಡಿದು ಅರಬ್ಬಿ ಸಮುದ್ರಕ್ಕೆ. ಅದು ಗೆರೆ! ಅದನ್ನು ಸರಿಸುತ್ತೇನೆ ಎಂದವರ ಶಿಸ್ತು ವಿಚಾರಿಸಿ. ನಮ್ಮದು ಒಂದು ಪಿಕ್ಸೆಲ್ ದಪ್ಪದ ಬೂದು ಗೆರೆ. ಹುಡುಗರು ಅದನ್ನೇ ಪಶ್ಚಿಮ ಘಟ್ಟವೆಂದು ಕಾಯುತ್ತಿದ್ದಾರೆ.

ಕೊನೆಯದಾಗಿ, ಈ ಸಂದರ್ಶನ ಅಚ್ಚು ಹಾಕಬಹುದೇ?

ಅಚ್ಚು ಹಾಕಲು ನನ್ನ ಒಪ್ಪಿಗೆ ಇ…

ಗೆರೆ ಎಳೆದು ನೋಡೋಣವೆಂದು ಬೆರಳಿಟ್ಟೆ. ಹಿಡಿ ಇರಲಿಲ್ಲ. ಅಷ್ಟರಲ್ಲಿ ಕರೆಂಟು, ಅದರ ಹಿಂದೆಯೇ ನೆಟ್‌ವರ್ಕು, ಎರಡೂ ಹೋದವು. ‘ಇದೆ’ ಎಂದೇ ಓದಿಕೊಂಡು ಅಚ್ಚಿಗೆ ಕಳಿಸಿದ್ದೇನೆ.