ಪದ್ಮಿನಿಯ ಪಾಯಿಂಟು

ನನ್ನ ಹತ್ತಿರ 1982ರ ಪ್ರೀಮಿಯರ್ ಪದ್ಮಿನಿ ಇದೆ. ಚಿತ್ರದುರ್ಗದಲ್ಲಿ ಈ ಮಾತು ಹೇಳಿದರೆ "ಓಡುತ್ತಾ?" ಅಂತ ಯಾರೂ ಕೇಳುವುದಿಲ್ಲ, "ಯಾಕೆ?" ಅಂತ ಕೇಳುತ್ತಾರೆ. ಬೊಂಬಾಯಿಯ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಅಂತ ತಯಾರಾಗುತ್ತಿದ್ದ ಗಾಡಿಗೆ ಎಪ್ಪತ್ತರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರಿಟ್ಟರು. 1089 ಸಿಸಿ ಎಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ್ದು ಮಾತ್ರ ವಿಂಟೇಜ್. ಹಾಗಾಗಿ ನಾನು ಬೀಗುವ ಹಾಗೂ ಇಲ್ಲ. ನಮ್ಮದು ಬರೀ ಹಳೇ ಗಾಡಿ.

ಅದರ ರಿಪೇರಿ ನನ್ನ ಹವ್ಯಾಸ. ಬಾನೆಟ್ ಎತ್ತಿ, ತೋಳು ಮಡಚಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಎಮರಿ ಪೇಪರಿನಲ್ಲಿ ಪಾಯಿಂಟ್ ಉಜ್ಜುವುದು ನನಗೆ ಚೆನ್ನಾಗಿ ಬರುತ್ತದೆ. ಬರುವುದು ಅದೊಂದೇ. ಆದ್ದರಿಂದ ಗಾಡಿಗೆ ಯಾವ ಕಾಯಿಲೆ ಬಂದರೂ ಪಾಯಿಂಟೇ ಉಜ್ಜುತ್ತೇನೆ. ಬ್ರೇಕ್ ಹಿಡಿಯದಿದ್ದಾಗಲೂ ಒಮ್ಮೆ ಉಜ್ಜಿದ್ದೆ.

ಏಪ್ರಿಲಿನಲ್ಲಿ ಹೊಸದುರ್ಗದಲ್ಲೊಂದು ಮದುವೆ. ಹೊಳಲ್ಕೆರೆ ಮೇಲೆ ಹೋದರೆ ಹತ್ತಿರ ಅಂತ ಮನೆಯವಳು ಹೇಳಿದಳು. ಆ ರೋಡಿನಲ್ಲಿ ನಮ್ಮ ಗಾಡಿಯನ್ನು ನೋಡುವವರು ಯಾರು? ಹೈವೇಯಲ್ಲಿ ನಾಲ್ಕು ಜನ ತಿರುಗಿ ನೋಡಲಿ ಅಂತ ಹಿರಿಯೂರಿನ ಮೇಲೆ ಹೊರಟೆ. ನೋಡಿದರು, ಸುಳ್ಳಲ್ಲ. ಲಾರಿಯವರು ಹಾರನ್ ಹೊಡೆದು ನೋಡಿದರು.

ಹಿರಿಯೂರು ದಾಟಿ ಮಾರಿಕಣಿವೆ ಅಣೆಕಟ್ಟೆಯ ಹತ್ತಿರ ಬರುವಾಗ ಗಾಡಿ ಎರಡು ಸಲ ಕೆಮ್ಮಿ ನಿಂತಿತು. 1907ರಲ್ಲಿ ಕಟ್ಟಿ ಮುಗಿಸಿದ ಈ ಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಮ್ಮ ಗಾಡಿಯೂ ಅಷ್ಟೇ ಸಾವಕಾಶದ ಮನಸ್ಸು ಮಾಡಿದಂತಿತ್ತು. ಬೈಕಿನವನೊಬ್ಬ ಪ್ಲಗ್ ಅಂದ, ಕುರಿ ಮೇಯಿಸುವವನು ಬ್ಯಾಟ್ರಿ ಅಂದ. ಬಸ್ಸಿನ ಕಂಡಕ್ಟರ್ ಹಾಗೇ ದಾಟುತ್ತ "ಮಾರ್ಬಿಡಿ ಸಾರ್" ಅಂದ. ನಾನು ಪಾಯಿಂಟ್ ಅಂದೆ.

ಪಾಯಿಂಟಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ ಇರಬೇಕು. ಅಳೆಯುವ ಫೀಲರ್ ಗೇಜು ಮನೆಯಲ್ಲಿ. ಲಗ್ನಪತ್ರಿಕೆಯ ದಪ್ಪ ಸರಿಹೋದೀತು ಅನ್ನಿಸಿ, ಒಂದು ಪಟ್ಟಿ ಹರಿದು ತೂರಿಸಿದೆ. ಉಜ್ಜಿದೆ, ಒರೆಸಿದೆ, ಕಪ್ಪಾದ ಬೆರಳನ್ನು ಪಂಚೆಗೇ ಒರೆಸಿಕೊಂಡೆ. ಗಾಡಿ ಮಿಸುಕಲಿಲ್ಲ.

ಅಷ್ಟರಲ್ಲಿ ತೆಂಗಿನ ತೋಟದಿಂದ ಮುದುಕರೊಬ್ಬರು ಬಂದರು. ಒಂದು ಕಾಲಕ್ಕೆ ಟ್ಯಾಕ್ಸಿ ಓಡಿಸಿದವರಂತೆ. ಎಂಜಿನ್ನಿಗೆ ಅಂಟಿಕೊಂಡಿದ್ದ ಪೆಟ್ರೋಲ್ ಪಂಪು ಮುಟ್ಟಿ ಚುರ್ ಅಂತ ಕೈ ಎಳೆದುಕೊಂಡರು. "ಪಂಪು ಕಾದೈತೆ. ಪೆಟ್ರೋಲು ಒಳಗೇ ಕುದ್ದು ಹಬೆ ಆಗೈತೆ. ಹಬೆ ಎಳೆಯಾಕೆ ಇದ್ಕೆ ಬರಾಕಿಲ್ಲ." ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೇರೆ, ಆ ಕಾಲದ ರಬ್ಬರ್ ಪೈಪು, ಡಯಾಫ್ರಮ್ಮುಗಳಿಗೆ ಅದು ಆಗಿಬರುವುದಿಲ್ಲ. ಇದೆಲ್ಲ ನಾನೂ ಓದಿದ್ದೆ. ಹೇಳಲು ಹೊರಟೆ ಕೂಡ. ಮುದುಕರು ನನ್ನ ಹೆಗಲ ಮೇಲಿದ್ದ ಜರಿ ಶಲ್ಯ ಕೇಳದೆಯೇ ಎಳೆದು, ಬಾಟಲಿಯ ನೀರಲ್ಲಿ ತೋಯಿಸಿ ಪಂಪಿಗೆ ಸುತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಚಾವಿ ತಿರುಗಿಸಿದರೆ ಗಾಡಿ ಗುಟುರು ಹಾಕಿತು.

"ಪಾಯಿಂಟ್ ಉಜ್ಜಿದ್ದೂ ಕೆಲಸ ಮಾಡಿರಬೇಕು" ಅಂದೆ. ಮನೆಯವಳು ಕಿಟಕಿಯಾಚೆ ನೋಡಿದಳು.

ಹೊಸದುರ್ಗ ಮುಟ್ಟಿದ ಮೇಲೆ ಗೊತ್ತಾಯಿತು, ನಾನು ಹರಿದ ಪಟ್ಟಿಯಲ್ಲೇ ಕಲ್ಯಾಣ ಮಂಟಪದ ಹೆಸರಿತ್ತು. ಒಳ್ಳೇ ಲಗ್ನದ ದಿನ, ಎಲ್ಲಿ ನೋಡಿದರೂ ಬಾಳೆಕಂದು. ಇದೇ ಇರಬೇಕು ಅಂತ ಒಂದರೊಳಗೆ ನುಗ್ಗಿದೆ. ಶಲ್ಯವಿಲ್ಲ, ಪಂಚೆ ಪೂರಾ ಮಸಿ. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿ ದಾನಿಯನ್ನು ಹಿಂದಕ್ಕೆಳೆದುಕೊಂಡಳು. ಒಳಗೆ ಕರೆಂಟು ಹೋಗಿ ವಾಲಗದವರ ಮೈಕು ಸತ್ತಿತ್ತು. ರೇಷ್ಮೆ ಅಂಗಿಯವರೊಬ್ಬರು ಓಡಿ ಬಂದು, "ಈಗ ಬಂದ್ರಾ? ಜನರೇಟರ್ ಹಿಂದ್ಗಡೆ ಐತೆ, ಬನ್ನಿ ಬನ್ನಿ" ಅಂತ ಕೈ ಹಿಡಿದರು.

ನನ್ನನ್ನು ಮೆಕ್ಯಾನಿಕ್ ಅಂತ ನಂಬಿದ ಮೊದಲ ಮನುಷ್ಯ! ಅಲ್ಲ ಅನ್ನಲು ಬಾಯಿ ಬರಲಿಲ್ಲ. ಎಮರಿ ಪೇಪರ್ ಕಿಸೆಯಲ್ಲೇ ಇತ್ತು. ಕುಕ್ಕರಗಾಲಲ್ಲಿ ಕೂತು, ಗಂಭೀರವಾಗಿ, ಆ ಕಡೆ ಈ ಕಡೆ ಹುಡುಕತೊಡಗಿದೆ. ಸಾರಿನ ಸೌಟು ಹಿಡಿದೇ ಬಂದ ಅಡುಗೆ ಭಟ್ಟರು ಬಗ್ಗಿ ನೋಡಿ, ಏನು ಹುಡುಕುತ್ತಿದ್ದೀರಿ ಅಂದರು.

"ಪಾಯಿಂಟು."

"ಇದು ಡೀಸೆಲ್ ಎಂಜಿನ್ನು ಸ್ವಾಮಿ. ಇದಕ್ಕೆ ಪಾಯಿಂಟ್ ಇರಲ್ಲ" ಅಂದರು ಭಟ್ಟರು.